ಹೊಳೆದಂಡಿಗುಂಟ ನಿಧಾನಕ್ಕೆ ತುಳಿಯಿರಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ರೂಢಿ ಈಗ ನಮ್ಮ ಭಾಗದ ಹುಡುಗರಿಗೂ ಅಂಟಿಕೊಂಡಿದೆ. ದೂರದಿಂದ ಬಂದವರಿಗೆ ಸಂಜೆಯ ರೈಲು ಹಿಡಿಯುವ ಅವಸರ, ಅವರು ಓಡಲಿ. ಹುನಗುಂದ, ಇಳಕಲ್, ಗುಳೇದಗುಡ್ಡದ ಮಕ್ಕಳಾದ ನಿಮಗೇನು ಅವಸರ? ಒಂದೇ ಬೈಕಿನಲ್ಲಿ ಮೂವರು ಹತ್ತಿ ಹೋಗುತ್ತೀರಿ. ದುರ್ಗದ ಗುಡಿಯ ಮುಂದೆ ಫೋಟೊ ತೆಗೆಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತೀರಿ. ಈ ಮೂರೂ ಊರನ್ನು ಸಾಕಿದ ಮಲಪ್ರಭೆಯ ಕಡೆ ಒಬ್ಬರೂ ತಿರುಗಿ ನೋಡಿರುವುದಿಲ್ಲ. ಅದಕ್ಕೇ ಈ ನಾಲ್ಕು ಮಾತು. ತಮ್ಮಂದಿರೇ, ತಂಗಿಯರೇ, ಒಂದು ಸೈಕಲ್ ಹುಡುಕಿ, ಗಾಳಿ ಹೊಡೆಸಿ, ಹೊಳೆದಂಡಿಗುಂಟ ನಿಧಾನಕ್ಕೆ ಹೋಗಿ ಬನ್ನಿ.

ನಮ್ಮ ಕಾಲದಲ್ಲಿ ಎಲ್ಲರ ಮನೆಯಲ್ಲೂ ಸೈಕಲ್ ಇರಲಿಲ್ಲ. ಅಂಗಡಿಯಲ್ಲಿ ತಾಸಿನ ಲೆಕ್ಕದ ಮೇಲೆ ಬಾಡಿಗೆಗೆ ಸಿಗುತ್ತಿತ್ತು. ಸೀಟಿನ ಮೇಲೆ ಕೂತರೆ ಕಾಲು ಎಟುಕದ ಹುಡುಗರು ಒಳಪೆಡಲು ಹೊಡೆದೇ ಕಲಿತರು. ಮಗ್ಗದ ಮನೆಯವರು ಸೀರೆಯ ಗಂಟು, ಖಣದ ಗಂಟನ್ನು ಕ್ಯಾರಿಯರಿಗೆ ಹಗ್ಗದಿಂದ ಬಿಗಿದು ಸಾಹುಕಾರರ ಅಂಗಡಿಗೆ ಒಯ್ಯುತ್ತಿದ್ದರು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಕೂಡಿತೆಂದರೆ ಸುತ್ತಿನ ಹಳ್ಳಿಯ ಹುಡುಗರು ಜೋಡಿ ಜೋಡಿಯಾಗಿ ಹೊರಡುವರು. ರಾತ್ರಿಯಿಡೀ ಕಂಪನಿ ನಾಟಕ ನೋಡಿ, ನಸುಕಿನಲ್ಲಿ ಹಳ್ಳದ ನೀರಿಗೆ ಮುಖ ತೊಳೆದು ತಿರುಗಿ ಬರುವರು. ಯಾರ ಹೊಲದ ಜೋಳ ತೆನೆ ಹಿಡಿದಿದೆ, ಯಾವ ಹಳ್ಳ ಬತ್ತಿದೆ, ಯಾವ ಬಾವಿಯ ನೀರು ಸಿಹಿ ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ಆ ವೇಗದಲ್ಲಿ ಹೋಗುವವರ ಕಣ್ಣಿಗೆ ಅದು ತಾನಾಗಿ ಬೀಳುತ್ತಿತ್ತು.

ಇನ್ನೂ ಹಿಂದಕ್ಕೆ ನೋಡಿ. ಅಯ್ಯಾವೊಳೆ ಐನೂರ್ವರು ಎಂಬ ದೊಡ್ಡ ವರ್ತಕ ಸಂಘ ತನ್ನ ಹೆಸರು ಪಡೆದದ್ದು ಇದೇ ಐಹೊಳೆಯಿಂದ. ಕತ್ತೆ, ಕೋಣ, ಎತ್ತುಗಳ ಮೇಲೆ ಹೇರು ಹೊರಿಸಿ ಅವರು ದಕ್ಷಿಣ ದೇಶವನ್ನೆಲ್ಲ ತಿರುಗಿದರು. ಶ್ರೀಲಂಕೆಯಲ್ಲಿ ಅವರ ಶಾಸನಗಳಿವೆ. ಸುಮಾತ್ರಾದ ಬಾರೂಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಸೈಕಲ್ ಬಂದ ಮೇಲಿನ ಮಾತು ಬೇಕೆಂದರೆ, 1923ರಲ್ಲಿ ಮುಂಬಯಿಯ ಆರು ಮಂದಿ ಪಾರ್ಸಿ ಯುವಕರು ಸೈಕಲ್ ಮೇಲೆ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭುಮಗಾರಾ ಎಂಬ ಮೂವರು 1928ರಲ್ಲಿ ಪೂರ್ತಿ ಸುತ್ತಿ ಮನೆಗೆ ಬಂದರು. ನಾನು ನಿಮ್ಮಿಂದ ಅಷ್ಟು ಕೇಳುತ್ತಿಲ್ಲ. ಬಾದಾಮಿಯಿಂದ ಐಹೊಳೆಗೆ ಸುಮಾರು 35 ಕಿ.ಮೀ. ಆ ದಾರಿಗೆ ಎರಡು ದಿನ ಕೊಡಿ, ಸಾಕು.

ಬೆಳಕು ಹರಿಯುವ ಹೊತ್ತಿಗೆ ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿರಿ. ಬಟ್ಟೆ ಒಗೆಯುವ ಹೆಣ್ಣುಮಕ್ಕಳು ಆಗಲೇ ಮೆಟ್ಟಿಲಿಗೆ ಬಂದಿರುತ್ತಾರೆ. ಒಗೆಯುವ ಸದ್ದು ಎದುರಿನ ಕೆಂಪು ಬಂಡೆಗೆ ಬಡಿದು ತಿರುಗಿ ಬರುತ್ತದೆ. ಕೆರೆಯ ಆ ಕಡೆಗೆ ಭೂತನಾಥನ ಗುಡಿ, ಈ ಕಡೆಯ ಗುಡ್ಡದಲ್ಲಿ ಮಂಗಳೇಶನ 578ರ ಶಾಸನವಿರುವ ಮೂರನೇ ಗುಹೆ. ಅಲ್ಲಿಂದ ಬನಶಂಕರಿ ಸುಮಾರು 5 ಕಿ.ಮೀ. ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ತಾಯಂದಿರ ಬಳಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸಣ್ಣ ಗಡಿಗೆಯ ಮೊಸರು ಕೊಂಡು ಉಣ್ಣಿರಿ. ಚೌಕಾಸಿ ಮಾಡಬೇಡಿ, ಆ ರೊಟ್ಟಿ ಬಡಿಯಲು ಆಕೆ ನೀವು ಏಳುವ ಮುಂಚೆ ಎದ್ದಿರುತ್ತಾಳೆ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಕಟ್ಟಿದ ಶಿವಯೋಗಮಂದಿರ ಮಲಪ್ರಭೆಯ ದಂಡೆಯಲ್ಲೇ ಇದೆ, ಅಲ್ಲಿ ಮೊದಲ ಸಲ ಹೊಳೆಯನ್ನು ಹತ್ತಿರದಿಂದ ನೋಡಿ.

ಸಂಜೆಗೆ ಪಟ್ಟದಕಲ್ಲು. ಹೊಳೆ ಅಲ್ಲಿ ಉತ್ತರಕ್ಕೆ ಹರಿಯುತ್ತದೆ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಿಂದ ನೀರಿನ ತನಕ ನಡೆದು ಹೋಗಿ. ಅಕ್ಕಪಕ್ಕದ ಹಳ್ಳಿಯಲ್ಲಿ ಯಾರಾದರೂ ನೆಂಟರು ಇದ್ದೇ ಇರುತ್ತಾರೆ, ರಾತ್ರಿ ಅಲ್ಲಿ ತಂಗಿ. ಮಾರನೇ ದಿನ ಐಹೊಳೆಯಲ್ಲಿ ಮೊದಲು ಹೊಳೆದಂಡೆಯ ಗಳಗನಾಥ ಗುಡಿಗಳಿಗೆ ಹೋಗಿ. ಕಾರಿನವರು ಅಲ್ಲಿಯ ತನಕ ಹೋಗುವುದೇ ಕಡಿಮೆ. ಬಿಸಿಲು ಇಳಿದ ಮೇಲೆ ಮೇಗುತಿ ಗುಡ್ಡ ಹತ್ತಿ. ರವಿಕೀರ್ತಿ 634ರಲ್ಲಿ ಇಮ್ಮಡಿ ಪುಲಕೇಶಿಯ ಶಾಸನ ಕೆತ್ತಿಸಿದ ಗುಡಿ ಅಲ್ಲಿದೆ. ಅದರ ಮುಂದೆ ನಿಂತರೆ ಕೆಳಗೆ ಊರು, ಆಚೆ ಹೊಳೆ, ನೀವು ತುಳಿದು ಬಂದ ದಿಕ್ಕು ಎಲ್ಲ ಕಾಣುತ್ತದೆ.

ಚಂದದ ಮಾತು ಇಷ್ಟು. ನನ್ನ ಚಿಂತೆ ಬೇರೆ ಇದೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತು, ಐಹೊಳೆಯ ಮನೆಗಳಿಗೂ ಬಂತು. ನೀವು ಆಗ ಚಿಕ್ಕವರು. ಬೇಸಿಗೆಯಲ್ಲಿ ಇದೇ ಹೊಳೆ ಮಡುವು ಮಡುವಾಗಿ ನಿಂತುಬಿಡುತ್ತದೆ. ದಂಡೆಯಿಂದ ಒಳಕ್ಕೆ ಒತ್ತಿ ಕಬ್ಬು ಹಚ್ಚಿದ್ದು, ಉಸುಕು ತೆಗೆದು ಬಿಟ್ಟ ಗುಂಡಿಗಳು, ನೀರಿಗೆ ಬಿಟ್ಟ ಊರಿನ ಚರಂಡಿ, ಇವು ಸೇತುವೆಯ ಮೇಲೆ ಬೈಕಿನಲ್ಲಿ ಹಾದವರಿಗೆ ಕಾಣುವುದಿಲ್ಲ. ಸೈಕಲ್ ಇಳಿದು ದಂಡೆಗೆ ನಡೆದವರಿಗೆ ಕಾಣುತ್ತವೆ. ನಾಳೆ ಗ್ರಾಮಸಭೆಯಲ್ಲಿ ಹೊಳೆಯ ಮಾತು ಎತ್ತುವವರು ನೀವೇ. ಕಣ್ಣಾರೆ ಕಾಣದೆ ಏನೆಂದು ಎತ್ತುತ್ತೀರಿ? ಒಂದು ಎಚ್ಚರ: ಉಸುಕಿನ ಗುಂಡಿಯಿದ್ದ ಕಡೆ ಈಸಲು ಇಳಿಯಬೇಡಿ, ಮೇಲಿನಿಂದ ಆಳ ತಿಳಿಯುವುದಿಲ್ಲ. ದಂಡೆಯ ಗರಸಿನಲ್ಲಿ ಕೆತ್ತಿದಂಥ ಕಲ್ಲು ಕಂಡರೆ ಕಿಸೆಗೆ ಹಾಕಬೇಡಿ. ಮಲಪ್ರಭೆಯ ಕಣಿವೆ ಹಳೆ ಶಿಲಾಯುಗದವರ ಕೊಡಲಿಗಳು ಸಿಕ್ಕಿರುವ ನೆಲ. ಎಲ್ಲಿ ಬಿದ್ದಿತ್ತು ಎಂಬುದು ಹೋದರೆ ಆ ಕಲ್ಲಿನ ಅರ್ಧ ಕಥೆಯೇ ಹೋಗುತ್ತದೆ.

ದಸರೆ ಮುಗಿದ ಮೇಲೆ ಶಿವರಾತ್ರಿಯ ತನಕ ಹೋಗಲು ಒಳ್ಳೆಯ ಕಾಲ. ಯುಗಾದಿಯ ಹೊತ್ತಿಗೆ ಬಿಸಿಲು ಹೊಡೆದು ಕೆಡವುತ್ತದೆ. ಆಷಾಢದಲ್ಲಿ ಪಡುವಣ ಗಾಳಿ ಬೆನ್ನಿಗಿದ್ದು ಐಹೊಳೆಗೆ ಸುಲಭವಾಗಿ ತಲುಪಿಸುತ್ತದೆ, ಬಾದಾಮಿಗೆ ತಿರುಗಿ ಬರುವಾಗ ಅದೇ ಗಾಳಿ ಎದೆಗೆ ನಿಲ್ಲುತ್ತದೆ. ಮಳೆ ಬಿದ್ದ ಮರುದಿನ ಎರೆ ಹೊಲದ ದಾರಿ ಹಿಡಿಯಬೇಡಿ. ಆ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿಕೊಂಡಿತೆಂದರೆ ಚಕ್ರ ತಿರುಗುವುದಿಲ್ಲ, ಸೈಕಲ್ಲನ್ನು ನೀವೇ ಹೊರಬೇಕು. ಕಬ್ಬು ಕಡಿಯುವ ದಿನಗಳಲ್ಲಿ ಕತ್ತಲಾದ ಮೇಲೆ ರಸ್ತೆಯಲ್ಲಿ ಇರಲೇಬೇಡಿ. ಎರಡೆರಡು ಟ್ರೇಲರ್ ಎಳೆದುಕೊಂಡು ಹಿಂದೆ ದೀಪವೂ ಇಲ್ಲದೆ ಹೋಗುವ ಟ್ರ್ಯಾಕ್ಟರುಗಳಿಗೆ ಎಷ್ಟೋ ಮನೆಯ ಮಕ್ಕಳು ಬಲಿಯಾಗಿದ್ದಾರೆ.

ಪಂಚರ್ ಹಾಕುವುದನ್ನು ಕಲಿಯದೆ ಮನೆ ಬಿಡಬೇಡಿ. ಟ್ಯೂಬನ್ನು ನೀರಿನಲ್ಲಿ ಹಿಡಿದು ಗುಳ್ಳೆ ಏಳುವ ಜಾಗ ಗುರುತು ಮಾಡಿ, ಒರೆಸಿ, ಒಣಗಿಸಿ, ಉಜ್ಜಿ, ಸೊಲ್ಯೂಷನ್ ಸವರಿ. ಅದು ಸ್ವಲ್ಪ ಆರಿದ ಮೇಲೆ ಪ್ಯಾಚ್ ಒತ್ತಿ. ಆತುರಕ್ಕೆ ಬಿದ್ದು ಹಸಿಯಿದ್ದಾಗಲೇ ಅಂಟಿಸಿದರೆ ಎರಡು ಮೈಲಿಗೆ ಬಿಟ್ಟುಕೊಳ್ಳುತ್ತದೆ. ಅಷ್ಟಾದರೂ ಟೈರು ಏರಿಸಬೇಡಿ. ಟೈರಿನ ಒಳಮೈಯಲ್ಲಿ ಬೆರಳು ಆಡಿಸುತ್ತ ಪೂರ್ತಿ ಒಂದು ಸುತ್ತು ಬನ್ನಿ. ನೆಗ್ಗಿಲಮುಳ್ಳಿನ ಮುರಿದ ಮೊನೆ ಅಲ್ಲೇ ಕೂತಿರುತ್ತದೆ. ಕಣ್ಣಿಗೆ ಕಾಣದು, ಬೆರಳಿಗೆ ಚುಚ್ಚುತ್ತದೆ. ಅದನ್ನು ಕಿತ್ತ ಮೇಲೆಯೇ ಟ್ಯೂಬು ಒಳಗೆ ಹೋಗಬೇಕು.

ಸೈಕಲ್ ಎಲ್ಲಿಂದ ತರಲಿ ಎನ್ನಬೇಡಿ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಲಂಗ, ಚೂಡಿದಾರ ತೊಟ್ಟ ಹುಡುಗಿಯರು ಸಾಲಾಗಿ ಹೈಸ್ಕೂಲಿಗೆ ಹೋಗುವುದನ್ನು ನಮ್ಮ ಹಳ್ಳಿಗಳು ಮೊದಲು ಕಂಡದ್ದು ಆಗಲೇ. ಎಷ್ಟು ಸಂತೋಷವಾಗಿತ್ತು! ಹತ್ತನೇ ತರಗತಿ ಮುಗಿದೊಡನೆ ಅವೇ ಸೈಕಲ್ಲುಗಳು ದನದ ಕೊಟ್ಟಿಗೆ ಸೇರಿದವು. ಈಗಲೂ ಹುಡುಕಿದರೆ ಓಣಿಗೊಂದು ಸಿಗುತ್ತದೆ. ಚೈನಿಗೆ ಎಣ್ಣೆ ಬಿಡಿ, ಟೈರು ಬದಲಿಸಿ, ಎದ್ದು ನಿಲ್ಲುತ್ತದೆ. ಹತ್ತಾರು ಸಾವಿರದ ಗೇರ್ ಸೈಕಲ್ಲಿಗಾಗಿ ಅಪ್ಪನನ್ನು ಕಾಡಬೇಡಿ. ಬಾಗಲಕೋಟೆ, ವಿಜಯಪುರದ ನಮ್ಮ ಮಕ್ಕಳು ಸೈಕಲ್ ಸ್ಪರ್ಧೆಯಲ್ಲಿ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ, ಅವರ ಬಗ್ಗೆ ನನಗೆ ಬಹಳ ಹೆಮ್ಮೆ. ಓಡುವವರು ಓಡಲಿ. ಉಳಿದ ನೀವು ಎಷ್ಟು ಕಿಲೋಮೀಟರ್, ಎಷ್ಟು ವೇಗ ಎಂದು ಮೊಬೈಲಿನಲ್ಲಿ ಲೆಕ್ಕ ಇಡುತ್ತ ತುಳಿದರೆ ಬೈಕಿನ ಅವಸರವನ್ನೇ ಸೈಕಲ್ಲಿಗೂ ತಂದಂತಾಯಿತು. ಮೊಬೈಲು ಚೀಲದಲ್ಲಿರಲಿ, ಅಮ್ಮನಿಗೆ ಫೋನ್ ಮಾಡಲು ಮಾತ್ರ ತೆಗೆಯಿರಿ.

ಈ ಎರಡು ದಿನದ ದಾರಿ ರೂಢಿಯಾದ ಮೇಲೆ ಮುಂದಿನ ಚಳಿಗಾಲಕ್ಕೆ ಐಹೊಳೆಯಿಂದಲೇ ಹೊರಡಿ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು, ಹುನಗುಂದ ದಾಟಿ, ಮಲಪ್ರಭೆ ಕೃಷ್ಣೆಗೆ ಸೇರುವ ಕೂಡಲಸಂಗಮದ ತನಕ ಹೋಗಿ. ತಂಗಿಯನ್ನೂ ಜೊತೆಗೆ ಕರೆದುಕೊಳ್ಳಿ. ಹೊರಡುವ ಹಿಂದಿನ ದಿನವೇ ಅವಳ ಸೈಕಲ್ಲಿನ ಬ್ರೇಕು ಹಿಡಿದು ನೋಡಿ, ಸವೆದ ರಬ್ಬರು ಬದಲಿಸಿ ಕೊಡಿ.