ಕುದುರೆ ತಾತನ ವಿಷಯ



ನನ್ನ ಅರ್ಮೇನಿಯನ್ ಗೆಳೆಯ, ನಿನ್ನ ಕುದುರೆ ತಾತನ ಅಂತ್ಯಕ್ರಿಯೆ ಮುಗಿಯಿತು. ಪರೀಕ್ಷೆ ಬಿಟ್ಟು ಓಡಿಬರುವುದು ಬೇಡ ಅಂದವನು ನಾನೇ, ಅದಕ್ಕೆ ಕೊರಗಬೇಡ. ನಮ್ಮ ಫ್ರೆಸ್ನೋದ ಹೋಲಿ ಟ್ರಿನಿಟಿ ಚರ್ಚು, ಅದೇ 1914ರ ಕೆಂಪು ಇಟ್ಟಿಗೆ ಕಟ್ಟಡ, ತುಂಬಿಹೋಗಿತ್ತು. ಪ್ರಾರ್ಥನೆಯಾದ ಮೇಲೆ ಹೋಕೆಜಾಶ್, ಅಂದರೆ ಸತ್ತವರ ಹೆಸರಿನಲ್ಲಿ ಹಾಕುವ ಊಟ. ಪಂಕ್ತಿಯಲ್ಲಿ ಅರ್ಧ ಚರ್ಚಿನವರು, ಅರ್ಧ ಲಾಯದವರು. ಲಾಯದವರು ಯಾರೆಂದು ಬೂಟು ನೋಡಿದರೇ ಗೊತ್ತಾಗುತ್ತಿತ್ತು.

ಅಷ್ಟು ಕಷ್ಟ ಕಂಡ ಮನೆತನದ ತಾತನಿಗೆ ದೇವರ ಮೇಲೆ ನಂಬಿಕೆ ಹೇಗೆ ಉಳಿಯಿತು ಅಂತ ಫೋನಿನಲ್ಲಿ ಕೇಳಿದೆಯಲ್ಲ. ಅವರ ತಾಯಿ 1915ರ ಅರ್ಮೇನಿಯನ್ ನರಮೇಧದಲ್ಲಿ ಹೆತ್ತವರನ್ನು ಕಳೆದುಕೊಂಡು ಬದುಕುಳಿದವರು. ನಾನೂ ಒಮ್ಮೆ ಇದನ್ನೇ ಕೇಳಿದ್ದೆ. ತಾತ ಉತ್ತರ ಕೊಡಲಿಲ್ಲ, ನೀರಿನ ಬಕೆಟ್ ಕೈಗೆ ಕೊಟ್ಟರು. ಆಗ ನನಗೆ ಸಿಟ್ಟೇ ಬಂದಿತ್ತು. ಈಗ ಅನ್ನಿಸುತ್ತದೆ, ಅವರ ಭಕ್ತಿ ವಾದಕ್ಕೆ ಸಿಗುವಂಥದ್ದಾಗಿರಲಿಲ್ಲ, ದಿನಚರಿಯೊಳಗೆ ಸೇರಿಹೋಗಿತ್ತು. ಭಾನುವಾರ ಪ್ರಸಾದ ತೆಗೆದುಕೊಳ್ಳುವ ತನಕ ಬಾಯಿಗೆ ತುತ್ತು ಹಾಕುತ್ತಿರಲಿಲ್ಲ. ಆದರೆ ತಮ್ಮ ಹೆಣ್ಣು ಕುದುರೆಗೆ ಹುಲ್ಲು ಹಾಕದೆ ಚರ್ಚಿಗೆ ಹೊರಟದ್ದೂ ಇಲ್ಲ. ಉಪವಾಸ ತನಗೆ, ಅದಕ್ಕಲ್ಲ ಎನ್ನುವುದು ಅವರ ಲೆಕ್ಕ.

ಅವರು ಗೊರಸು ಶುಚಿ ಮಾಡುವುದನ್ನು ನೀನು ನೋಡಿದ್ದೀಯ. ಭುಜ ಒತ್ತಿ, ಕಾಲೆತ್ತಿಸಿ, ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಮಣ್ಣು ಕೀಳುವುದು. ನಡುವಿನ ಮೆತ್ತನೆಯ ಭಾಗಕ್ಕೆ ತಾಗಿಸದೆ ಪಕ್ಕದ ಸಂದುಗಳನ್ನು ಮಾತ್ರ ಬಿಡಿಸುವುದು. ಆಮೇಲೆ ಅಂಗೈಯಿಟ್ಟು ಬಿಸಿ ಇದೆಯೇ ಎಂದು ನೋಡುವುದು, ಬಿಸಿಯಿದ್ದರೆ ಒಳಗೆ ಏನೋ ಕೆಟ್ಟಿದೆ ಅಂತ. ಆ ಹೊತ್ತಿನಲ್ಲೇ ಅವರ ತುಟಿ ಅಲ್ಲಾಡುತ್ತಿತ್ತು. ಜಪವೋ ಬೈಗುಳವೋ, ಇಷ್ಟು ವರ್ಷವಾದರೂ ನನಗೆ ತಿಳಿಯಲಿಲ್ಲ. ಮುಂಗೋಪಿ ಮನುಷ್ಯ, ಅದನ್ನು ಮುಚ್ಚಿಡುವುದೇಕೆ!

ಸಂತ ಸರ್ಕಿಸ್ ಅವರಿಗೆ ಇಷ್ಟದೈವ. ಬಿಳಿ ಕುದುರೆಯೇರಿದ ಯೋಧ, ಯುವಪ್ರೇಮಿಗಳ ಪಾಲಿನ ಸಂತ. ಚಳಿಗಾಲದಲ್ಲಿ ಬರುವ ಆ ಹಬ್ಬದ ಹಿಂದಿನ ರಾತ್ರಿ ತಟ್ಟೆಯಲ್ಲಿ ಹುರಿದ ಗೋಧಿಯ ಹಿಟ್ಟು ಹರಡಿ ಹೊರಗಿಡುತ್ತಾರೆ. ನಮ್ಮ ಹುರಿಹಿಟ್ಟಿನ ಜಾತಿಯದೇ. ಬೆಳಗ್ಗೆ ಅದರಲ್ಲಿ ಗೊರಸಿನ ಗುರುತು ಮೂಡಿದ್ದರೆ ಸಂತ ಮನೆಮುಂದೆ ಹಾದುಹೋದ ಎಂದು ನಂಬಿಕೆ. ಆ ರಾತ್ರಿ ಉಪ್ಪುಪ್ಪಾದ ರೊಟ್ಟಿ ತಿಂದು ನೀರು ಕುಡಿಯದೆ ಮಲಗಿದರೆ, ಕನಸಿನಲ್ಲಿ ನೀರು ಕೊಡುವವರನ್ನೇ ಮದುವೆಯಾಗುವುದಂತೆ. ನಿನಗೂ ಒಂದು ತಿನ್ನಿಸಿದ್ದರು, ನೀನು ಮಧ್ಯರಾತ್ರಿ ಎದ್ದು ಒಂದು ಚೊಂಬು ನೀರು ಕುಡಿದೆ. ಆ ಲೆಕ್ಕದಲ್ಲಿ ನಿನಗೆ ಹೆಣ್ಣು ಹುಡುಕುವ ಕೆಲಸ ನಮ್ಮದೇ ಆಯಿತು.

ಸರೋಯಾನನ ಬಿಳಿ ಕುದುರೆಯ ಕಥೆಯ ಬಗ್ಗೆ ಅವರಿಗೆ ತಕರಾರಿತ್ತು. ವಿಲಿಯಂ ಸರೋಯಾನ್ 1908ರಲ್ಲಿ ಹುಟ್ಟಿದ್ದು ನಮ್ಮೂರಿನಲ್ಲೇ. 1940ರಲ್ಲಿ ಬಂದ 'ಮೈ ನೇಮ್ ಈಸ್ ಆರಂ' ಪುಸ್ತಕದಲ್ಲಿ ಆ ಕಥೆಯಿದೆ, ಭಾರತದಲ್ಲಿ ಸಿಬಿಎಸ್‌ಇ ಹನ್ನೊಂದನೇ ತರಗತಿಯ ಮಕ್ಕಳೂ ಓದಿದ್ದಾರೆ. ಪ್ರಾಮಾಣಿಕತೆಗೆ ಹೆಸರಾದ ಮನೆತನದ ಇಬ್ಬರು ಹುಡುಗರು ರೈತನೊಬ್ಬನ ಕುದುರೆ ಕದ್ದು ಸವಾರಿ ಮಾಡುವ ಕಥೆ. ಕದ್ದದ್ದನ್ನು ಇಷ್ಟು ಚೆಂದವಾಗಿ ಬರೆಯಬಾರದಿತ್ತು ಎಂದು ತಾತ ಗೊಣಗುತ್ತಿದ್ದರು. ಆದರೆ ಕುದುರೆಯ ಒಡೆಯ ಎದುರಾದಾಗ ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾನಲ್ಲ, ಆ ಜಾಗಕ್ಕೆ ಬಂದರೆ ಮಾತ್ರ ಮೆತ್ತಗಾಗುತ್ತಿದ್ದರು. ಕುದುರೆ ಕಂಡವನು ಬರೆದದ್ದು ಇದು ಎನ್ನುವರು.

ಅವರಿಗೆ ನಿಜವಾದ ಹೆಮ್ಮೆ ಕೋರ್ಟ್‌ಹೌಸ್ ಪಾರ್ಕಿನ ಸಾಸೂನಿನ ಡೇವಿಡ್ ಮೇಲೆ. ವರಾಜ್ ಸಾಮ್ಯುಯೆಲಿಯನ್ 1970ರಲ್ಲಿ ಮಾಡಿದ ವಿಗ್ರಹ. ಅರ್ಮೇನಿಯನ್ ಜನಪದ ಮಹಾಕಾವ್ಯದ ಆ ವೀರನಿಗಿಂತ ಅವನ ಕುದುರೆಗೇ ಬುದ್ಧಿ ಜಾಸ್ತಿ ಎಂದು ಅವರ ವಾದ.

ಈಗ ಕೆಲಸದ ಮಾತು. ತಾತನ ಕುದುರೆಯನ್ನು ಮಾರುವುದಿಲ್ಲ ಅಂತ ಅವರ ಮಗಳು ಹೇಳಿದ್ದಾಳೆ. ಮುದಿ ಕುದುರೆ, ಕೊಳ್ಳುವವರೂ ಇಲ್ಲ. ಬೆಳಗಿನ ಹುಲ್ಲು ನಾನು ಹಾಕುತ್ತಿದ್ದೇನೆ, ಗೊರಸಿಗೆ ಬಗ್ಗಲು ನನ್ನ ಸೊಂಟ ಕೇಳುವುದಿಲ್ಲ. ಆಗಸ್ಟ್ ನಡುವಿನಲ್ಲಿ ಚರ್ಚಿನಲ್ಲಿ ದ್ರಾಕ್ಷಿಗೆ ಆಶೀರ್ವಾದ ಮಾಡುವ ಭಾನುವಾರ ಬರುತ್ತದೆ, ಆ ಹೊತ್ತಿಗೆ ಬಾ. ಅಲ್ಲಿಯ ತನಕ ಹೊಸ ದ್ರಾಕ್ಷಿ ಮುಟ್ಟಬೇಡ, ತಾತ ಮುಟ್ಟುತ್ತಿರಲಿಲ್ಲ. ಒಳ್ಳೆಯ ಬೂಟು ತಾ. ಹೋದ ಸಲದ ಹಾಗೆ ಚಪ್ಪಲಿಯಲ್ಲಿ ಬಂದರೆ ಲಾಯದೊಳಗೆ ಬಿಡುವುದಿಲ್ಲ.

ನಿನ್ನ ಅಜ್ಜ