ಸ್ಕ್ಯಾನಿಂಗ್‌ಗೆ ಮುನ್ನ ‘ಡೈ’: ಭಯ ಬೇಡ, ಎಚ್ಚರವಿರಲಿ

ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ಗೆ ‘ಡೈ’ ಇಂಜೆಕ್ಷನ್ ಕೊಡಬೇಕಾಗುತ್ತದೆ ಎಂದೊಡನೆ ಅನೇಕರು ಗಾಬರಿಯಾಗುತ್ತಾರೆ. ಈ ಡೈ ಎಂದರೇನು? ಅದು ಏಕೆ ಬೇಕು?

ಮೂಳೆಗಳು ಎಕ್ಸ್-ರೇ ಕಿರಣಗಳನ್ನು ಚೆನ್ನಾಗಿ ತಡೆಯುವುದರಿಂದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತವೆ. ಆದರೆ ಯಕೃತ್ತು, ಗುಲ್ಮ, ಮೇದೋಜೀರಕಾಂಗ, ಮೂತ್ರಪಿಂಡಗಳು ಮೃದು ಅಂಗಗಳು. ಹೆಚ್ಚು ವ್ಯತ್ಯಾಸವಿಲ್ಲದೆ ಬೂದು ಬಣ್ಣದಲ್ಲಿ ಕಾಣುತ್ತವೆ. ಅಯೋಡಿನ್‌ಯುಕ್ತ ದ್ರವವನ್ನು ರಕ್ತನಾಳದ ಮೂಲಕ ಕೊಟ್ಟಾಗ ರಕ್ತ ಹರಿಯುವ ಭಾಗಗಳು ಎದ್ದು ಕಾಣುತ್ತವೆ. ಆಗ ಗಡ್ಡೆ, ಕೀವು, ಗಾಯಗಳನ್ನು ಗುರುತಿಸುವುದು ಸುಲಭ. ಬಳಿಕ ಈ ದ್ರವ ಮೂತ್ರದಲ್ಲಿ ಹೊರಹೋಗುತ್ತದೆ.

ಹೀಗೆ ಹೊರಹೋಗುವುದು ಬಹಳ ಮುಖ್ಯ. 1930ರ ದಶಕದಿಂದ 1950ರ ದಶಕದವರೆಗೆ ಹಲವು ದೇಶಗಳಲ್ಲಿ ‘ಥೊರೋಟ್ರಾಸ್ಟ್’ ಎಂಬ ಔಷಧ ಬಳಕೆಯಲ್ಲಿತ್ತು. ಚಿತ್ರ ಸೊಗಸಾಗಿ ಬರುತ್ತಿತ್ತು, ತಕ್ಷಣದ ತೊಂದರೆಯೂ ಕಡಿಮೆ. ಆದರೆ ಅದರಲ್ಲಿದ್ದ ವಿಕಿರಣಶೀಲ ಥೋರಿಯಂ ಯಕೃತ್ತು, ಗುಲ್ಮಗಳಲ್ಲಿಯೇ ಉಳಿದು, ದಶಕಗಳ ನಂತರ ಹಲವರಲ್ಲಿ ಯಕೃತ್ತಿನ ಕ್ಯಾನ್ಸರ್ ತಂದಿತು. ಔಷಧ ಎಷ್ಟು ಚೆನ್ನಾಗಿ ತೋರಿಸುತ್ತದೆ ಎಂಬುದಷ್ಟೇ ಅಲ್ಲ, ದೇಹದಿಂದ ಹೇಗೆ ಹೊರಬೀಳುತ್ತದೆ ಎಂಬುದನ್ನೂ ಪರೀಕ್ಷಿಸಬೇಕೆಂಬ ಪಾಠ ಇದು.

‘ಮೊದಲು ಸ್ವಲ್ಪ ಚುಚ್ಚಿ ಟೆಸ್ಟ್ ಮಾಡಿ’ ಎಂದು ಕೆಲವರು ಒತ್ತಾಯಿಸುತ್ತಾರೆ. ಇದನ್ನು ನೆಚ್ಚುವಂತಿಲ್ಲ. ಟೆಸ್ಟ್ ಡೋಸ್‌ಗೆ ಏನೂ ಆಗದವರಿಗೂ ಪೂರ್ಣ ಪ್ರಮಾಣದಲ್ಲಿ ಅಲರ್ಜಿ ಆಗಬಹುದು. ಅದಕ್ಕಿಂತ ನೀವು ಕೊಡುವ ಮಾಹಿತಿಯೇ ಹೆಚ್ಚು ಉಪಯುಕ್ತ. ಸ್ಕ್ಯಾನಿಂಗ್‌ಗೆ ಮುನ್ನ ಇವನ್ನು ತಪ್ಪದೆ ತಿಳಿಸಿ:

1. ಹಿಂದೆ ಡೈ ಕೊಟ್ಟಾಗ ತೊಂದರೆಯಾಗಿತ್ತೇ?
2. ಉಬ್ಬಸ ಅಥವಾ ತೀವ್ರ ಅಲರ್ಜಿ ಇದೆಯೇ?
3. ಮೂತ್ರಪಿಂಡ ಅಥವಾ ಥೈರಾಯ್ಡ್ ಕಾಯಿಲೆ ಇದೆಯೇ? ಹಳೆಯ ಕ್ರಿಯಾಟಿನಿನ್ ವರದಿಯಿದ್ದರೆ ಜೊತೆಗೆ ಒಯ್ಯಿರಿ.
4. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಸೇವಿಸುತ್ತಿದ್ದೀರಾ? ಅದನ್ನು ನಿಲ್ಲಿಸಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಲಿ.
5. ಗರ್ಭಿಣಿಯಾಗಿರುವ ಸಾಧ್ಯತೆ ಇದೆಯೇ?

ಇಂಜೆಕ್ಷನ್ ಕೊಡುವಾಗ ಮೈ ಬಿಸಿಯಾದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ, ಮೂತ್ರ ಹೋದಂತೆ ಅನಿಸುವುದು ಸಹಜ. ಒಂದೆರಡು ನಿಮಿಷಗಳಲ್ಲಿ ಹೋಗುತ್ತದೆ. ಆದರೆ ಮೈಮೇಲೆ ದದ್ದು, ಗಂಟಲು ಕಟ್ಟಿದಂತಾಗುವುದು, ಉಸಿರಾಟಕ್ಕೆ ಕಷ್ಟ, ತಲೆಸುತ್ತು ಕಂಡುಬಂದರೆ ಕೂಡಲೇ ಸಿಬ್ಬಂದಿಗೆ ಹೇಳಿ. ತೀವ್ರ ತೊಂದರೆ ಅಪರೂಪ. ಬಂದರೂ ಸಾಮಾನ್ಯವಾಗಿ ಮೊದಲ ಅರ್ಧ ಗಂಟೆಯೊಳಗೆ. ಆದ್ದರಿಂದ ಸ್ಕ್ಯಾನ್ ಮುಗಿದೊಡನೆ ಮನೆಗೆ ಧಾವಿಸಬೇಡಿ. ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ. ನೀರು ಕುಡಿಯಲು ವೈದ್ಯರ ನಿರ್ಬಂಧವಿಲ್ಲದವರು ಆ ದಿನ ಧಾರಾಳವಾಗಿ ಕುಡಿಯುವುದು ಒಳ್ಳೆಯದು.