ನಾಲ್ಕು ಊರಿನ ಮಳೆ ಒಂದೇ ನಕ್ಷೆಯಲ್ಲಿ

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ರೈತರು ಕೂಡಿದರೆ ಮಳೆಯ ಮಾತು ಬಂದೇ ಬರುತ್ತದೆ. ಉತ್ತರಿ ಮಳೆ ಕೈ ಹಿಡಿಯಿತು ಎಂದು ಒಬ್ಬರು, ಹಸ್ತಾ ಬಿದ್ದ ಮೇಲೆಯೇ ಕೂರಿಗೆ ಹೂಡಿದೆವು ಎಂದು ಇನ್ನೊಬ್ಬರು. ಇಬ್ಬರದೂ ನಿಜವಿರಬಹುದು, ಆದರೆ ಕೇವಲ ನೆನಪಿನ ಮೇಲೆ ಹಿಂಗಾರಿ ಬಿತ್ತನೆಯ ಕಾಲ ಗೊತ್ತುಪಡಿಸುವುದು ಸರಿಯಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಮಳೆ ಪಟ್ಟಿಗಳನ್ನು ಒಂದೇ ನಕ್ಷೆಗೆ ಇಳಿಸಿ ನೋಡುವುದು ಉತ್ತಮ.

ಪಟ್ಟಿಗಳು ಒಂದೇ ನಮೂನೆಯಲ್ಲಿ ಇರುವುದಿಲ್ಲ. ಒಂದರಲ್ಲಿ ತಿಂಗಳುಗಳು ಅಡ್ಡಲಾಗಿದ್ದರೆ ಇನ್ನೊಂದರಲ್ಲಿ ಉದ್ದಕ್ಕೆ ಇರುತ್ತವೆ. ಹಳೆಯ ವಹಿಗಳಲ್ಲಿ ಮಳೆಯನ್ನು ಇಂಚಿನಲ್ಲಿ ಬರೆದಿರುತ್ತಾರೆ, ಅದನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್ ಆಗುತ್ತದೆ. ಆದುದರಿಂದ ಮೊದಲು ದಿನಾಂಕ, ಊರು, ಮಳೆ ಎಂದು ಮೂರೇ ಕಲಮುಗಳ ಹಾಳೆ ಮಾಡಿ, ಎಲ್ಲ ಪಟ್ಟಿಗಳ ಅಂಕಿಗಳನ್ನು ಒಂದರ ಕೆಳಗೊಂದು ಬರೆಯಬೇಕು. ಕಂಪ್ಯೂಟರಿನಲ್ಲಿ ಮಾಡುವವರಿಗೂ ಇದೇ ಕ್ರಮ. ಅಲ್ಲಿ ಊರಿನ ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಬೇಕು. ‘ಇಳಕಲ್’, ‘ಇಲಕಲ್ಲ’ ಎಂದು ಬೇರೆಬೇರೆ ಬರೆದರೆ ಯಂತ್ರವು ಅವನ್ನು ಎರಡು ಊರೆಂದೇ ತಿಳಿಯುತ್ತದೆ.

ಮಳೆಮಾಪಕವನ್ನು ಬೆಳಿಗ್ಗೆ 8.30ಕ್ಕೆ ನೋಡಿ, ಹಿಂದಿನ 24 ಗಂಟೆಗಳ ಮಳೆಯನ್ನು ಅಂದಿನ ತಾರೀಖಿಗೆ ಬರೆಯುವುದು ರೂಢಿ. ಹೊಲದಲ್ಲಿ ತಾವೇ ಅಳೆಯುವವರು ಸಂಜೆ ಬರೆದುಕೊಂಡರೆ ಒಂದೇ ಮಳೆ ಎರಡು ತಾರೀಖಿನಲ್ಲಿ ಕಾಣಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ತಪ್ಪು ಆಗುವುದು ಖಾಲಿ ಮನೆಗಳಲ್ಲಿ. ಸೊನ್ನೆ ಎಂದರೆ ಅಳೆದು ನೋಡಿದರು, ಮಳೆ ಇರಲಿಲ್ಲ. ಖಾಲಿ ಎಂದರೆ ಅಂದು ಅಳೆಯಲೇ ಇಲ್ಲ. ಖಾಲಿ ಮನೆಗೆ ಸೊನ್ನೆ ತುಂಬಿದರೆ ಹದವಾದ ಮಳೆ ಬಿದ್ದ ಕಾಲವೂ ನಕ್ಷೆಯಲ್ಲಿ ಬರಗಾಲವಾಗುತ್ತದೆ. ಅಂತಹ ಕಡೆ ಗೆರೆಯನ್ನು ತುಂಡಾಗಿಯೇ ಬಿಡಬೇಕು.

ದಿನದಿನದ ಅಂಕಿಗಳನ್ನು ನೇರವಾಗಿ ಇಟ್ಟರೆ ನಕ್ಷೆ ಮುಳ್ಳುಕಂಟಿಯಂತೆ ಕಾಣುತ್ತದೆ. ನಕ್ಷತ್ರವಾರು ಕೂಡಿಸಿಕೊಂಡರೆ ನಮ್ಮವರಿಗೆ ಬೇಗ ತಿಳಿಯುತ್ತದೆ: ಉತ್ತರಿ ಸುಮಾರು ಸೆಪ್ಟೆಂಬರ್ 13ರಿಂದ, ಹಸ್ತಾ 27ರಿಂದ, ಚಿತ್ತಿ ಅಕ್ಟೋಬರ್ 10ರಿಂದ. ಕೆಳಗೆ ನಕ್ಷತ್ರ, ಎಡಕ್ಕೆ ಮಿಲಿಮೀಟರ್, ಊರಿಗೊಂದು ಬಣ್ಣದ ಗೆರೆ. ಒಂದು ಸೆಂಟಿಮೀಟರಿಗೆ 20 ಮಿ.ಮೀ. ಎಂದು ಹಿಡಿದರೆ ಸಾಕು. ಅಳತೆ ಮಾತ್ರ ನಾಲ್ಕೂ ಊರಿಗೆ ಒಂದೇ ಇರಬೇಕು.

ನಾಲ್ಕನ್ನೂ ಕೂಡಿಸಿ ಸರಾಸರಿ ಗೆರೆ ಎಳೆಯುವ ಆಸೆ ಹುಟ್ಟುವುದು ಸಹಜ. ಅದು ಬೇಡ. ಹಸ್ತಾದಲ್ಲಿ ಬಾದಾಮಿಗೆ 60 ಮಿ.ಮೀ., ಹುನಗುಂದಕ್ಕೆ ಸೊನ್ನೆ ಎಂದು ಭಾವಿಸೋಣ. ಸರಾಸರಿ 30, ಅಷ್ಟು ಮಳೆ ಎರಡೂ ಊರಲ್ಲಿ ಬಿದ್ದಿಲ್ಲ! ಅದನ್ನು ನಂಬಿ ಹುನಗುಂದದ ರೈತರು ಎಂ-35-1 ಜೋಳ ಬಿತ್ತಿದರೆ ಬೀಜ ಒಣಮಣ್ಣಿನ ಪಾಲಾದೀತು.

ಗೆರೆಯ ಪಕ್ಕದಲ್ಲಿ ಮಣ್ಣಿನ ಹೆಸರನ್ನೂ ಬರೆದಿಡಿರಿ. ಒಡ್ಡು ಹಾಕಿದ ಆಳವಾದ ಎರೆಹೊಲ ಹಿಡಿದಿಡುವಷ್ಟು ನೀರನ್ನು ತೆಳುವಾದ ಮಸಾರಿ ಹೊಲ ಹಿಡಿಯಲಾರದು. ನಕ್ಷೆ ನೋಡಿದ ಮೇಲೂ ಕೂರಿಗೆ ಹೂಡುವ ಮುನ್ನ ಒಂದು ಗೇಣು ಅಗೆದು ಹಸಿ ಎಷ್ಟಿದೆ ಎಂದು ನೋಡಿಕೊಳ್ಳಬೇಕು.